ನಾಲ್ಕು ಓರೆ ತೂತು

ಅಣ್ಣ ನನ್ನ ಮರಗೆಲಸದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನಕ್ಕಾಗ ಮೈಯೆಲ್ಲ ಉರಿದುಹೋಯಿತು.

"ಮಿಷನ್ ಇಲ್ದೆ ಓರೆ ತೂತು ಕೊರೀತಾಳಂತೆ!"

"ಮಿಷನ್ ಇಟ್ಕೊಂಡು ನೀನು ಕೊರೆದಿದ್ದನ್ನ ನೋಡಿದೀವಲ್ಲ," ಅಂದೆ.

ಅಪ್ಪನ ಕಾಲದ ಡ್ರಿಲ್ಲಿಂಗ್ ಮಿಷನ್ನನ್ನು ನನಗೆ ಒಂದು ಮಾತೂ ಹೇಳದೆ ತನ್ನ ಅಂಗಡಿಗೆ ಸಾಗಿಸಿದವನು ಅವನು. ಆಮೇಲೆ ಆರು ತಿಂಗಳು ನಮ್ಮಿಬ್ಬರಿಗೆ ಮಾತಿಲ್ಲ. ಅಮ್ಮ ಇರುವುದು ಅವನ ಮನೆಯಲ್ಲಿ. ಅವಳ ಮಂಡಿ ಹೋಗಿದೆ, ಒಲೆಯ ಮುಂದೆ ಹತ್ತು ನಿಮಿಷ ನಿಲ್ಲಲಾರಳು. ಮಹಾರಾಯ ಅವಳಿಗೊಂದು ಎತ್ತರದ ಸ್ಟೂಲು ಮಾಡಿಕೊಟ್ಟ. ಎತ್ತರದ ಸ್ಟೂಲಿಗೆ ಕಾಲು ಹೊರಕ್ಕೆ ಚಾಚಿರಬೇಕು, ಅಂದರೆ ಕಾಲು ಸಿಕ್ಕಿಸುವ ತೂತು ಓರೆಯಾಗಿರಬೇಕು, ಇದು ಕಸುಬಿನ ಮೊದಲ ವಾರವೇ ಕಲಿಯುವ ಪಾಠ. ಮಿಷನ್ನಿನಲ್ಲಿ ಹಲಗೆ ಇಡುವ ತಟ್ಟೆಯನ್ನು ಓರೆ ಮಾಡಲು ಸೋಮಾರಿತನ ಬಂದು ನಾಲ್ಕೂ ತೂತನ್ನು ನೆಟ್ಟಗೆ ಇಳಿಸಿಬಿಟ್ಟ! ವಾರ ಕಳೆಯುವುದರೊಳಗೆ ಅಮ್ಮ ಕೂತಲ್ಲಿಂದ ಡಬ್ಬಿಗೆ ಕೈಚಾಚಿದಳು, ಸ್ಟೂಲು ಮಗುಚಿತು, ಮಣಿಕಟ್ಟು ಮುರಿಯಿತು. ಆಮೇಲೇ ನಾವಿಬ್ಬರೂ ಮತ್ತೆ ಮಾತಾಡಿದ್ದು, ಅದೂ ಜಗಳವಾಡಲು.

ಈಗ ಸ್ಟೂಲು ಅಂದರೆ ಬೆಚ್ಚುತ್ತಾಳೆ. ಬೇರೆಯವರು ಸೌಟು ಮುಟ್ಟಿದರೆ ಬೈಯುತ್ತಾಳೆ. ಹಲ್ಲು ಕಚ್ಚಿಕೊಂಡು ನಿಂತೇ ಬೇಯಿಸುತ್ತಾಳೆ. ನಾನು ಮಾಡಿದ್ದರ ಮೇಲಾದರೂ ಅವಳು ಕೂರಬೇಕು, ನನಗೆ ಬೇಕಿದ್ದುದು ಅಷ್ಟೇ.

ಗಟ್ಟಿ ಮರದ ತುಂಡೊಂದನ್ನು ಬೆಂಚಿಗೆ ಬಿಗಿದು, ಅದರ ಮೇಲೆ, ತೂತಿನ ಗುರುತಿನ ಪಕ್ಕಕ್ಕೆ, ಕನ್ನಡಿ ಚೂರು ಮಲಗಿಸಿದೆ. ಕೈ ಡ್ರಿಲ್ಲಿನ ಕೊರೆಯುವ ಕಡ್ಡಿಯೂ ಕನ್ನಡಿಯಲ್ಲಿನ ಅದರ ಬಿಂಬವೂ ಒಂದೇ ಗೆರೆಯಾಗಿ ಕಂಡರೆ ನೆಟ್ಟಗಿದೆ ಎಂದರ್ಥ, ಮುರಿದಂತೆ ಕಂಡರೆ ವಾಲಿದೆ. ಹಾಗೆ ನೋಡಿಕೊಂಡೇ ನೆಟ್ಟನೆಯ ತೂತು ಇಳಿಸಿ, ತುಂಡಿನ ಬುಡವನ್ನು ಓರೆಯಾಗಿ ಕೊಯ್ದೆ. ಈಗ ಅದನ್ನು ಸ್ಟೂಲಿನ ಹಲಗೆಯ ಮೇಲೆ ಕೂರಿಸಿದರೆ ಅದೇ ತೂತು ಓರೆ. ಡ್ರಿಲ್ಲು ಅದರೊಳಗೆ ಹೋದರೆ ಬೇಕಾದ ಓರೆಯಲ್ಲೇ ಇಳಿಯಬೇಕು.

"ಹಿಡ್ಕೊಳ್ಲೇನೇ?" ಅಂದ ಅಣ್ಣ.

"ನಿನ್ನ ಕೈ ಜೇಬಲ್ಲೇ ಇರ್ಲಿ."

ಒಬ್ಬಳೇ ತುಂಡನ್ನು ಮೂಲೆಯಿಂದ ಮೂಲೆಗೆ ಸರಿಸಿ ಬಿಗಿದು, ನಾಲ್ಕೂ ಕೊರೆದೆ. ಅಷ್ಟು ಹೊತ್ತೂ ಅವನನ್ನು ಬೈಯುತ್ತಲೇ ಇದ್ದೆ. ಕಾಲು ಬಡಿದು ಕೂರಿಸಿದ ಮೇಲೆ ಅವನು ಜಗ್ಗಿ ನೋಡಿದ. ಸ್ಟೂಲು ಅಲುಗಲಿಲ್ಲ. ಅವನೇ ಅದನ್ನು ಹೊತ್ತುಕೊಂಡು ತನ್ನ ಮನೆಗೆ ನಡೆದ, ಹಿಂದೆ ನಾನು.

ಅಡುಗೆಮನೆಯಲ್ಲಿ ಅಮ್ಮ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದರಿಂದ ಒಂದೊಂದೇ ಕಾಲು ಮುಟ್ಟಿ ನೋಡಿದಳು. ಮೆಲ್ಲಗೆ ಕೂತಳು. "ಗಟ್ಟಿಯಾಗಿದೆ," ಅಂದಳು.

ನನ್ನ ಕಣ್ಣು ತುಂಬಿತು. ಅಲ್ಲಿಗಾದರೂ ಸುಮ್ಮನಿರಬಾರದಿತ್ತೇ? "ಕಾಲು ಹೀಗಿರ್ಬೇಕಮ್ಮ. ಇವನು ಮಾಡಿದ್ದನ್ನ ಯಾರು ನೋಡಿದ್ರೂ ಹೇಳ್ತಿದ್ರು, ಮಗುಚುತ್ತೆ ಅಂತ!"

ಅಮ್ಮ ತಲೆಯೆತ್ತಿದಳು. "ನಾನು ಬೀಳೋ ಹಿಂದಿನ ದಿನ ಬಂದಿದ್ದೆಯಲ್ಲ. ಇವನಿಲ್ದೇ ಇರೋ ಹೊತ್ತಲ್ಲಿ. ನಾನು ಆ ಸ್ಟೂಲ್ ಮೇಲೆ ಕೂತೇ ನಿನಗೆ ಟೀ ಸೋಸಿಕೊಟ್ಟೆ."

"ಹೂಂ."

"ಅದು ಮಗುಚುತ್ತೆ ಅಂತ ನಿಂಗೆ ಆಗ್ಲೇ ಗೊತ್ತಾಯ್ತಾ?"

ಅಣ್ಣ ನನ್ನನ್ನೇ ನೋಡುತ್ತಿದ್ದ. ಸುಳ್ಳು ಹೇಳಬಹುದಿತ್ತು.

"ಗೊತ್ತಾಯ್ತು," ಅಂದೆ. "ಇವನ ಹತ್ರ ಮಾತಾಡ್ತಿರ್ಲಿಲ್ಲ ಅಲ್ವಾ, ಅದಕ್ಕೇ…"

"ನನ್ನ ಹತ್ರ ಮಾತಾಡ್ತಿದ್ದೆಯಲ್ಲೇ."

ಅಮ್ಮ ಎದ್ದಳು. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿ, ನಿಂತೇ ಒಲೆ ಹಚ್ಚಿದಳು.