ಖಾಲಿ ಕೋಣೆಯ ಅಂಕಿ

೨೦೧೯ರ ಮಾರ್ಚ್ ೧೬, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ — ಪರದೆಯ ಮೂಲೆಯಲ್ಲಿ ತಾರೀಖು, ಹೊತ್ತು, ಅದರ ಕೆಳಗೆ ಹಸಿರು ಅಂಕಿ, ೧೬.೨, ಅಂದರೆ ಕೋಣೆ ಖಾಲಿ, ಅಂದರೆ ಗೋಡೆಗಳ ತುಂಬ ಮೊನೆ ಚಾಚಿಕೊಂಡಿರುವ ಬೂದು ಸ್ಪಂಜಿನ ಬೆಣೆಗಳು ಇದ್ದಬದ್ದ ಸದ್ದನ್ನೆಲ್ಲ ನುಂಗಿ ಕೂತಿವೆ, ಇದಕ್ಕಿಂತ ಕೆಳಗೆ ಮೈಕಿಗೇ ಕೇಳಿಸುವುದಿಲ್ಲ, ಒಳಗೊಬ್ಬ ಮನುಷ್ಯ ಸುಮ್ಮನೆ ನಿಂತು ಉಸಿರಾಡಿದರೂ ಸಾಕು, ಹತ್ತೊಂಬತ್ತು ಇಪ್ಪತ್ತಕ್ಕೆ ಏರಿಬಿಡುತ್ತದೆ, ಪ್ರತಿ ಪರೀಕ್ಷೆಗೆ ಮೊದಲು ಈ ಅಂಕಿಯನ್ನು ನೋಡಿಕೊಂಡೇ ಅವನು ಮಿಕ್ಸಿಯನ್ನೋ ಫ್ಯಾನನ್ನೋ ಬಟ್ಟೆ ಒಗೆಯುವ ಯಂತ್ರವನ್ನೋ ಒಳಗಿಟ್ಟು, ಅದು ಎಷ್ಟು ಗಲಾಟೆ ಮಾಡುತ್ತದೆಂದು ಅಳೆದು ಕೊಡುವುದು, ಇವತ್ತು ಒಳಗೆ ಹೋಗಬೇಕಾದದ್ದು ಯಂತ್ರವಲ್ಲ — ಅಪ್ಪಾ, ಲೇಸು ಬಿಚ್ಚಿಹೋಯ್ತು, ತಾಳು — ಹಿಂದೆ ಬೆಂಚಿನ ಮೇಲೆ ಮಗಳು ಬಿಳಿ ಕ್ಯಾನ್ವಾಸ್ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಳೆ, ಏಳು ವರ್ಷ, ತೊಟ್ಟಿಲಲ್ಲಿದ್ದಾಗಿಂದ ಹಗಲೂ ರಾತ್ರಿ ಏನಾದರೊಂದು ಸದ್ದು ಮಾಡುತ್ತಲೇ ಇರುತ್ತಿದ್ದಳೆಂದು ಅಜ್ಜಿ ಇಟ್ಟ ಹೆಸರು ಜೀರುಂಡೆ, ಈಗಲೂ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ಕಟ್ಟಿಕೊಳ್ಳಲಿ, ಅವಸರವಿಲ್ಲ, ಸಭಾಂಗಣದಿಂದ ಇನ್ನೂ ನಗು, ಕುರ್ಚಿ ಎಳೆಯುವ ಸದ್ದು, ಕುಟುಂಬದ ದಿನವಂತೆ, ಹೆಂಡತಿ ಮಕ್ಕಳನ್ನೆಲ್ಲ ಕರೆತನ್ನಿ ಅಂದಿದ್ದರು, ಕಾರಿಡಾರಿನ ಉದ್ದಕ್ಕೂ ಬಣ್ಣದ ಕಾಗದದಲ್ಲಿ ಒಂದೇ ಮಾತು ಅಂಟಿಸಿದ್ದಾರೆ, ನೀವು ನೀವಾಗಿಯೇ ಬನ್ನಿ, ನೀವು ನೀವಾಗಿಯೇ ಬನ್ನಿ, ಅವನು ಬಂದ, ಬಂದೇಬಿಟ್ಟ ಇವತ್ತು, ಇನ್ನೂ ಒಂದು ಗಂಟೆ ಆಗಿಲ್ಲ, ಎಂಬತ್ತು ಜನರ ಎದುರು, ಮತ್ತು ಮೊದಲ ಸಾಲಿನಲ್ಲಿ ಆ ಬೂಟಿನ ತುದಿ —

ಬೇಡ, ಅದು ಈಗ ಬೇಡ, ಮೊದಲಿನಿಂದ ಬರಲಿ, ಅವನಿಗದು ಶುರುವಾದದ್ದು ಎಂಟನೇ ವಯಸ್ಸಿನಲ್ಲಿ, ಗಂಟಲಿನಿಂದ ಒಂದು ಹುಕ್, ಜೊತೆಗೆ ಗದ್ದ ಮೇಲಕ್ಕೊಂದು ಎಳೆತ, ಯಾರೋ ಒಳಗೆ ಕೂತು ಗುಂಡಿ ಒತ್ತಿದ ಹಾಗೆ, ಅಮ್ಮ ಮೊದಲು ಬಿಕ್ಕಳಿಕೆ ಅಂದುಕೊಂಡು ನೀರು ಕುಡಿಸಿದಳು, ಆಮೇಲೆ ಹಟ ಅಂದುಕೊಂಡು ತೊಡೆ ಚಿವುಟಿದಳು, ಕೊನೆಗೆ ಡಾಕ್ಟರು, ಇದು ನರಕ್ಕೆ ಸಂಬಂಧಪಟ್ಟದ್ದು ಕಣಮ್ಮ, ಬೇಕೂಂತ ಮಾಡೋದಲ್ಲ, ಸೀನು ಬಂದ ಹಾಗೆ, ಬೈದ್ರೆ ಹೋಗಲ್ಲ, ಅಂದರು, ಹೋಗಲಿಲ್ಲ, ಆದರೆ ಸೀನನ್ನೂ ಸ್ವಲ್ಪ ಹೊತ್ತು ತಡೆಯಬಹುದಲ್ಲ, ಅವನೇ ಕಂಡುಹಿಡಿದ ಉಪಾಯ, ನಾಲಿಗೆಯನ್ನು ಅಂಗುಳಿಗೆ ಒತ್ತಿ ಹಿಡಿಯುವುದು, ಬೂಟಿನೊಳಗೆ ಕಾಲ್ಬೆರಳನ್ನೆಲ್ಲ ಮುಷ್ಟಿಯ ಹಾಗೆ ಮಡಚುವುದು, ಗಂಟಲಿಗೆ ಬರಬೇಕಾದದ್ದು ಬೆರಳಿಗೆ ಇಳಿದುಹೋಗುತ್ತದೆ, ಕಾಲೇಜಿನ ನಾಲ್ಕು ವರ್ಷ ಹೀಗೆ, ಕೆಲಸದ ಸಂದರ್ಶನ ಹೀಗೆ, ಇಲ್ಲಿ ಇಷ್ಟು ವರ್ಷ ಹೀಗೆ, ಬಾಯಿ ಬಿಟ್ಟರೆ ಬಣ್ಣ ಬಯಲಾಗುತ್ತದೆಂದು ಮಾತೇ ಕಡಿಮೆ ಮಾಡಿದ, ಇಲ್ಲಿನವರೆಲ್ಲ ಸೇರಿ ಮೌನಿ ಅಂತ ಹೆಸರಿಟ್ಟರು, ಪಕ್ಕದ ಮೇಜಿನ ಫ್ಯಾನಕ್ಕ, ಫ್ಯಾನುಗಳನ್ನು ಪರೀಕ್ಷೆ ಮಾಡಿ ಮಾಡಿ ಅದೇ ಹೆಸರಾದವಳು, ಹೊಸಬರಿಗೆ ಹೇಳಿಕೊಡುತ್ತಾಳೆ, ಮೌನಿ ಸರ್ ಹತ್ರ ಏನಾದ್ರೂ ಕೇಳ್ಬೇಕಂದ್ರೆ ಬರೆದು ಕೊಡ್ರಪ್ಪ, ಅವರು ಬಾಯಿ ಬಿಟ್ರೆ ಮೀಟರಿಗೆ ಜ್ವರ ಬರತ್ತೆ, ಅವನೂ ನಗುತ್ತಾನೆ, ಬೆರಳು ಮಡಚಿಕೊಂಡೇ ನಗುತ್ತಾನೆ, ಬೂಟು ರಿಪೇರಿಯವನಿಗೆ ಮಾತ್ರ ಸಂಶಯ, ಏನ್ ಸಾರ್, ಎಲ್ಲರದ್ದೂ ಹಿಮ್ಮಡಿ ಸವೆಯತ್ತೆ, ನಿಮ್ಮದು ಒಳಗಡೆ ತುದಿ ಸವೆದಿದೆ, ಬೂಟಲ್ಲಿ ಇಲಿ ಸಾಕಿದೀರಾ — ಹೌದಪ್ಪ, ಸಾಕಿದ್ದೇನೆ, ಅದಕ್ಕೂ ಹಸಿವಾಗುತ್ತದೆ, ಊಟದ ಹೊತ್ತಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚುವಾಗ ಅವನು ಈ ಕೋಣೆಗೆ ಬಂದು ಬಾಗಿಲು ಹಾಕಿಕೊಳ್ಳುವುದು, ಮೀಟರು ಆರಿಸಿ, ನಡುವೆ ನಿಂತು, ಹುಕ್, ಹುಕ್, ಹುಕ್, ಸದ್ದು ಬಾಯಿಂದ ಹೊರಟದ್ದೇ ತಡ ಗೋಡೆಯೊಳಗೆ ಸತ್ತುಹೋಗುತ್ತದೆ, ವಾಪಸು ಬಂದು ಯಾರದು ಎಂದು ಕೇಳುವುದಿಲ್ಲ, ಒಮ್ಮೆ ಮಾತ್ರ ಮೀಟರು ಆರಿಸಲು ಮರೆತಿದ್ದ, ಹೊರಬಂದು ನೋಡಿದರೆ ದಾಖಲಾದ ಗರಿಷ್ಠ ಅಂಕಿ ೭೧, ಅವನ ಹುಕ್ಕಿಗೂ ಒಂದು ಅಂಕಿಯಿದೆ, ಒಗೆಯುವ ಯಂತ್ರ ಹಿಂಡುವಾಗಿನ ಅಂಕಿ, ಹೆಚ್ಚೇನಲ್ಲ, ಮನೆಯಲ್ಲಿಟ್ಟುಕೊಳ್ಳುವಂಥದ್ದೇ — ಆದರೆ ಆ ಅರ್ಧ ಗಂಟೆ ಸಾಲುತ್ತಿರಲಿಲ್ಲ, ಉಳಿದದ್ದು ಸಂಜೆ ಮನೆಯ ಬೀಗ ತೆಗೆಯುವಾಗಲೇ ನುಗ್ಗುತ್ತಿತ್ತು, ರೀ, ಆಫೀಸಲ್ಲಿ ದಿನವಿಡೀ ಕಟ್ಟಿಹಾಕಿ ಸಾಯಂಕಾಲ ತಂದು ನಮ್ಮ ಮೇಲೆ ಬಿಚ್ಚಿಬಿಡ್ತೀರಲ್ಲ, ಅವರೇನು ನಿಮ್ಮ ಬೀಗರಾ, ಅನ್ನುತ್ತಾಳೆ ಹೆಂಡತಿ, ಮೊದಮೊದಲು ನಗುತ್ತ ಅನ್ನುತ್ತಿದ್ದಳು.

ಜೀರುಂಡೆಗೆ ಬಂದದ್ದು ಹೋದ ವರ್ಷ, ಊಟಕ್ಕೆ ಕೂತಾಗ ಅವನದೊಂದು ಹುಕ್, ಅದರ ಬೆನ್ನಿಗೇ ಇನ್ನೊಂದು, ಸಣ್ಣದು, ಚಮಚ ತಟ್ಟೆಗೆ ತಾಗಿದಷ್ಟೇ, ಅಪ್ಪನನ್ನ ಅಣಕಿಸ್ತೀಯಾ ಅಂತ ಹೆಂಡತಿ ಗದರಿದಳು, ಮಗು ಕಣ್ಣರಳಿಸಿ, ಇಲ್ಲಮ್ಮ, ಅದೇ ಬಂತು — ಅದೇ ಬಂತು, ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಶಾಲೆಯಲ್ಲಿ ಮಕ್ಕಳು ಕಪ್ಪೆ ಅಂತ ಕರೆಯತೊಡಗಿದರು, ಒಂದು ಸಂಜೆ ಅವನ ಪಕ್ಕ ಬಂದು ನಿಂತು ತೋಳು ಹಿಡಿದು ಕೇಳಿದಳು, ಅಪ್ಪಾ, ಆಫೀಸಲ್ಲಿ ನೀನು ಹೆಂಗೆ ತಡ್ಕೋತೀಯ, ಅವನು ಹೇಳಿಕೊಟ್ಟ, ಸೈಕಲ್ ಹೇಳಿಕೊಟ್ಟಷ್ಟೇ ಅಕ್ಕರೆಯಿಂದ, ನಾಲಿಗೆ ಮೇಲಕ್ಕೆ ಒತ್ತು, ಹಾಂ, ಈಗ ಬೂಟೊಳಗೆ ಬೆರಳು ಮಡಚು, ಇನ್ನೂ ಗಟ್ಟಿ, ಭೇಷ್ — ಕಲಿತುಬಿಟ್ಟಳು, ಎಷ್ಟು ಬೇಗ ಕಲಿತಳು, ಎರಡು ವಾರಕ್ಕೆ ಕಪ್ಪೆ ಅನ್ನುವವರು ಇಲ್ಲ, ಮೊನ್ನೆ ಅವಳ ಬೂಟು ತೊಳೆದು ಬಿಸಿಲಿಗಿಡುವಾಗ ಒಳಗೆ ಕೈ ಹಾಕಿದ, ತುದಿಯಲ್ಲಿ ಬಟ್ಟೆ ಸವೆದು ನೂಲು ಎದ್ದಿದೆ, ಕೊಂಡು ಮೂರು ತಿಂಗಳಾಗಿಲ್ಲ, ಬಚ್ಚಲಿನ ಕಟ್ಟೆಯ ಮೇಲೆ ಆ ಪುಟ್ಟ ಬೂಟನ್ನು ಹಿಡಿದುಕೊಂಡು ಅವನು ಕೂತೇ ಇದ್ದ, ಮಾರನೆಯ ದಿನವೇ ಹೋಗಿ ಮಾನವ ಸಂಪನ್ಮೂಲದ ಮೇಡಂಗೆ ಹೂಂ ಅಂದದ್ದು, ಒಳ್ಳೆಯವರು ಆ ಮೇಡಂ, ಬಂದ ಮೊದಲ ವಾರವೇ ಗಮನಿಸಿದ್ದರು, ಬಾಗಿಲು ಹಾಕಿಕೊಂಡು ಮೆಲ್ಲಗೆ, ಸರ್, ತಪ್ಪು ತಿಳೀಬೇಡಿ, ನನ್ನ ತಮ್ಮನಿಗೂ ಹೀಗೇ ಇದೆ, ಇಲ್ಲಿ ನೀವು ಬಚ್ಚಿಡಬೇಕಾಗಿಲ್ಲ, ಯಾರೂ ಏನೂ ಅನ್ನದ ಹಾಗೆ ನೋಡ್ಕೋತೀನಿ, ಕುಟುಂಬದ ದಿನ ನೀವೇ ಎರಡು ಮಾತು ಹೇಳಿದ್ರೆ ಬೇರೆಯವರಿಗೂ ಧೈರ್ಯ ಬರತ್ತೆ, ಆಗ ಬೇಡ ಅಂದಿದ್ದ, ಬೇರೆಯವರ ಧೈರ್ಯ ಕಟ್ಟಿಕೊಂಡು ತನಗೇನು, ಬೂಟು ನೋಡಿದ ಮೇಲೆ ತಾನೇ ಹೋಗಿ ಕೇಳಿಕೊಂಡ, ಅವಳು ನೋಡಲಿ, ಅಪ್ಪ ಎಲ್ಲರೆದುರು ಬಿಟ್ಟದ್ದನ್ನು, ಸೂರು ಕಳಚಿ ಬೀಳದಿದ್ದದ್ದನ್ನು ಅವಳು ಒಮ್ಮೆ ಕಣ್ಣಾರೆ ನೋಡಿದರೆ ಸಾಕು, ಇನ್ಯಾರು ನೋಡಿದರೇನು ಬಿಟ್ಟರೇನು — ಇವತ್ತು ವೇದಿಕೆ ಹತ್ತಿದ, ನಾಲಿಗೆಯನ್ನು ಅಂಗುಳಿಂದ ಇಳಿಸಿದ, ಬೆರಳು ಬಿಚ್ಚಿದ, ನಮಸ್ಕಾರ ಅನ್ನುವಷ್ಟರಲ್ಲಿ ಹುಕ್, ಮೈಕಿನಲ್ಲಿ ಸಭಾಂಗಣದ ಮೂಲೆಮೂಲೆಗೂ ಹುಕ್, ಗದ್ದ ಚಾವಣಿಗೆ, ಇದು ನಾನು, ಇಷ್ಟು ವರ್ಷ ನಿಮ್ಮಿಂದ, ಹುಕ್, ಮೊದಲು ಮೇಡಂ ಚಪ್ಪಾಳೆ, ಎಲ್ಲರೂ ಚಪ್ಪಾಳೆ, ಫ್ಯಾನಕ್ಕ ಎದ್ದು ನಿಂತು ಮೂಗು ಒರೆಸಿಕೊಳ್ಳುತ್ತ, ಅಯ್ಯೋ ಮೌನಿ ಸರ್, ಇಷ್ಟೇನಾ, ನಾನು ನಿಮಗೆ ನಮ್ಮನ್ನ ಕಂಡ್ರೇ ಆಗಲ್ಲ ಅಂದ್ಕೊಂಡಿದ್ದೆ, ನಗು, ಎದೆಯ ಮೇಲಿನ ಚಪ್ಪಡಿ ಸರಿದ ಹಾಗೆ, ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಅವಳ ಕಣ್ಣಲ್ಲಿ ಹಳೆಯ ನಗು, ಎಷ್ಟು ವರ್ಷಕ್ಕೆ, ಅವನು ಮಗಳ ಕಡೆ ನೋಡಿದ, ಮೊದಲ ಸಾಲು, ಕೆನ್ನೆ ಕೆಂಪು, ತುಟಿ ಬಿಗಿ, ಕುರ್ಚಿಯಿಂದ ನೇತುಬಿದ್ದ ಬಿಳಿ ಬೂಟಿನ ತುದಿ ಉಬ್ಬಿ ನಡುವೆ ಒಂದು ಮಡಿಕೆ, ಚಪ್ಪಾಳೆ ನಿಂತರೂ ಆ ಮಡಿಕೆ ಬಿಚ್ಚಲಿಲ್ಲ — ಕೆಳಗಿಳಿದು ಪಕ್ಕದಲ್ಲಿ ಕೂತಾಗ ಅವನ ಕಿವಿಗೆ ಬಾಯಿಟ್ಟು, ಅಪ್ಪಾ, ಯಾಕೆ ಬಿಟ್ಟುಬಿಟ್ಟೆ, ಮರೆತುಹೋಯ್ತಾ, ನಾನು ನೋಡು, ಒಂದೂ ಬಿಡಲಿಲ್ಲ, ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತಟ್ಟಿ, ಪರವಾಗಿಲ್ಲ ಅಪ್ಪ, ಅಳಬೇಡ, ಮುಂದಿನ ಸಲ ತಡೀಬಹುದು.

ಮುಂದಿನ ಸಲ ತಡೀಬಹುದು, ಸಮಾಧಾನ ಹೇಳುತ್ತಿದ್ದಾಳೆ, ಏಳು ವರ್ಷದ ಕೂಸು, ಅದಕ್ಕೇ ಅವಳನ್ನು ಇಲ್ಲಿಗೆ ಕರೆದುಕೊಂಡು ಬಂದದ್ದು, ಅವನ ಹತ್ತಿರ ಕೊಡಲು ಇನ್ನು ಉಳಿದಿರುವುದು ಈ ಕೋಣೆಯೊಂದೇ, ಬಾ ಪುಟ್ಟಾ, ಇದೇ ನೋಡು ಅಪ್ಪನ ಕೋಣೆ, ಇಲ್ಲಿ ಎಷ್ಟು ಬೇಕಾದ್ರೂ ಬಿಡು, ಯಾರಿಗೂ ಕೇಳಲ್ಲ, ನನಗೂ ಕೇಳಲ್ಲ, ಸ್ಪೀಕರ್ ಆರಿಸಿದೀನಿ — ಲೇಸು ಕಟ್ಟಿಯಾಯಿತು, ಹೊಸ್ತಿಲಲ್ಲಿ ನಿಂತು ಬೂದು ಮೊನೆಗಳನ್ನು ನೋಡುತ್ತಾಳೆ, ಅಪ್ಪಾ, ನೀನು ಹೇಳ್ತೀಯಲ್ಲ ಹದಿನಾರು ಪಾಯಿಂಟ್ ಎರಡು, ಅದು ಇಲ್ಲೇ ಬರೋದಾ, ಹೂಂ ಪುಟ್ಟಾ, ಇಲ್ಲೇ, ಒಳಗೆ ಯಾರೂ ಇಲ್ಲದಾಗ, ಯಾರಾದ್ರೂ ಇದ್ದಾಗ ಬಂದಿದೆಯಾ ಅಪ್ಪಾ, ಇಲ್ಲ ಕಣೆ, ಯಾರ ಕೈಲೂ ಆಗಲ್ಲ, ಅದು ಬಿಡು, ಈಗ ಹೋಗಿ ಮನಸ್ಸಿಗೆ ಬಂದಷ್ಟು ಸದ್ದು ಮಾಡು, ಮುಗಿದ ಮೇಲೆ ಬಾಗಿಲು ತಳ್ಳು, ತಲೆಯಾಡಿಸಿದಳು, ಒಳಗೆ ಹೋದಳು, ದಪ್ಪ ಬಾಗಿಲು ಕೂತಿತು, ಕ್ಯಾಮೆರಾ ಇರುವುದು ನೆಲದ ಮಟ್ಟದಲ್ಲಿ, ಹಿಂಡುವಾಗ ಯಂತ್ರ ನಡೆದಾಡುತ್ತದೆಯೋ ಎಂದು ಅದರ ಕಾಲನ್ನು ನೋಡಲು ಇಟ್ಟದ್ದು, ಹಾಗಾಗಿ ಪರದೆಯಲ್ಲಿ ಅವಳ ಮುಖವಿಲ್ಲ, ಎರಡು ಬೂಟು ಮಾತ್ರ, ೪೧, ನಡೆಯುತ್ತಿದ್ದಾಳೆ, ೨೨, ನಿಂತಳು, ಸ್ಪೀಕರಿನ ಗುಂಡಿಯ ಹತ್ತಿರ ಕೈ ಹೋಯಿತು, ಇಲ್ಲ, ಮಾತು ಕೊಟ್ಟಾಗಿದೆ, ಅಂಕಿ ಸಾಕು, ೫೮, ಏನೋ ಹೇಳಿದಳು, ಅಪ್ಪಾ ಅಂತಲೇ ಇರಬೇಕು, ೨೦, ೨೦, ಉಸಿರು, ಈಗ ಬರುತ್ತದೆ, ಅವಳದು ಸಣ್ಣದು, ಅರವತ್ತು ಬಂದರೂ ಸಾಕು, ಐವತ್ತಾದರೂ, ತೊಟ್ಟಿಲಲ್ಲಿ ಎಷ್ಟು ಗಲಾಟೆ ಮಾಡುತ್ತಿದ್ದೆಯಲ್ಲೇ, ಅಜ್ಜಿಯ ನಿದ್ದೆ ಕೆಡಿಸುತ್ತಿದ್ದೆಯಲ್ಲ, ಬಿಡು ಪುಟ್ಟಾ, ಬಿಟ್ಟುಬಿಡು, ಇಲ್ಲಿ ಶಾಲೆಯಿಲ್ಲ, ಆಫೀಸಿಲ್ಲ, ಚಪ್ಪಾಳೆಯೂ ಇಲ್ಲ, ನಾನೂ ಇಲ್ಲ, ಅಂಕಿ ಒಮ್ಮೆಲೇ ೨೪, ದೀರ್ಘವಾಗಿ ಉಸಿರು ಎಳೆದುಕೊಂಡಳು, ಬಂತು, ಈಗ — ಪರದೆಯಲ್ಲಿ ಎಡಬೂಟಿನ ತುದಿ ಉಬ್ಬಿತು, ನಡುವೆ ಮಡಿಕೆ, ಬಲಬೂಟಿನದೂ, ೧೯, ಬೇಡ ಮಗಳೇ, ೧೭, ಅದು ಯಾರ ಕೈಲೂ ಆಗಲ್ಲ ಅಂದದ್ದು ಯಾಕೆ, ಯಾಕೆ ಅಂದೆ, ಅವನು ಬಾಗಿಲ ಹಿಡಿಗೆ ಕೈ ಹಾಕಿದ್ದಾನೆ, ಕಣ್ಣು ಪರದೆ ಬಿಟ್ಟು ಬರುತ್ತಿಲ್ಲ, ಬಿಳಿ ಬೂಟಿನ ತುದಿ, ಮಡಿಕೆ, ಬೂಟಿನ ತುದಿ, ಅದರ ಕೆಳಗೆ ಹಸಿರು ಅಂಕಿ ಅಲುಗದೆ ನಿಂತಿದೆ, ೧೬.೨ ಡೆಸಿಬೆಲ್.