ಗೋದಾಮು ಖಾಲಿಯಾದ ದಿನ

ಕೇಳಿದರೆ ತಾಯವ್ವ ಬಿಟ್ಟುಕೊಟ್ಟಾಳು. ಆದರೆ ಕೇಳುವುದು ಹೇಗೆ? ಕೇಳಿದ ಮೇಲೆ ಈ ಊರಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ಕೇಳದಿದ್ದರೆ ಮಗಳ ಮುಂದೆ ನಿಲ್ಲುವುದು ಹೇಗೆ?

ಗುರುಪಾದಪ್ಪ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಗೋದಾಮಿನ ಮೂಲೆಯಲ್ಲಿ ನನ್ನ ಮೇಲೆ ಕುಳಿತು, ನನ್ನ ಮೈಯಲ್ಲಿದ್ದ ಸುಟ್ಟ ತೂತಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. ಇಪ್ಪತ್ತು ವರ್ಷ ಅವನ ಭಾರ ಹೊತ್ತವಳು ನಾನು. ಆ ಬೆರಳಿನ ಮಾತು ನನಗೆ ತಿಳಿಯುತ್ತದೆ.

ನಾನು ಒಂದು ಜಮಖಾನ. ನವಲಗುಂದದ ಒಂದು ಸಣ್ಣ ಮನೆಯಲ್ಲಿ, ಹಾಜರಾಬಿ ಎಂಬ ಹೆಂಗಸಿನ ಮಗ್ಗದ ಮೇಲೆ ಹುಟ್ಟಿದೆ. ಕೆಂಪು, ಹಳದಿ, ಕಪ್ಪು ನೂಲು. ನಡುವೆ ಪಗಡೆಯ ಹಾಸು, ಮೂಲೆಗೊಂದು ನವಿಲು. ಕೊನೆಯ ನವಿಲಿಗೆ ಕಪ್ಪು ನೂಲು ಸಾಲದೆ ಹಾಜರಾಬಿ ಅದರ ಕಣ್ಣನ್ನು ಕೆಂಪಿನಲ್ಲೇ ನೇಯ್ದಳು.

"ಅತ್ತಂಗ ಕಾಣ್ತೈತಲ್ಲ," ಎಂದಳು ನೆರೆಯವಳು.

"ಅತ್ತಿಲ್ಲ. ನಿದ್ದಿಗೆಟ್ಟೈತಿ. ಮದಿವಿ ಮನ್ಯಾಗ ಇರೂದೈತಲ್ಲ!"

ಅವಳು ಹೇಳಿದಂತೆಯೇ ಆಯಿತು. ರೋಣದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಗುರುಪಾದಪ್ಪ ನನ್ನನ್ನು ಕೊಂಡ. ಎಷ್ಟು ಮದುವೆಗಳಲ್ಲಿ ಹಾಸಿಕೊಂಡೆನೋ ಲೆಕ್ಕವಿಲ್ಲ. ಮನುಷ್ಯರನ್ನು ನಾನು ಕೆಳಗಿನಿಂದ ಬಲ್ಲೆ. ಹೆಣ್ಣಿನ ತಂದೆಯ ಹಿಮ್ಮಡಿ ನೆಲಕ್ಕೆ ಊರುವುದೇ ಇಲ್ಲ. ಗಂಡಿನ ಸೋದರಮಾವ ಕಾಲು ಚಾಚಿ ಕೂಡುತ್ತಾನೆ. ಮದುವೆಯ ಹುಡುಗಿಯರು ಕಾಲ ಬೆರಳಿನಿಂದ ನನ್ನ ನೂಲು ಎಳೆಯುತ್ತಾರೆ. ಹೀಗಿರುವಾಗ ಒಂದು ಮದುವೆಯಲ್ಲಿ ಬೀಗರೊಬ್ಬರ ಬೀಡಿ ನನ್ನ ಮೇಲೆ ಬಿತ್ತು. ನಿದ್ದೆಗೆಟ್ಟ ನವಿಲಿನ ಪಕ್ಕದಲ್ಲೇ ಅಂಗೈಯಗಲ ಸುಟ್ಟಿತು. ಸುಟ್ಟ ಹಾಸು ಮದುವೆಗೆ ಆಗಿಬರುವುದಿಲ್ಲ ಎಂದು ಜನ ನನ್ನನ್ನು ಮುಟ್ಟಲಿಲ್ಲ. ಗೋದಾಮಿನ ಮೂಲೆ ಸೇರಿದೆ.

ಏಳು ವರ್ಷದ ನಂತರ ಮತ್ತೆ ಹೊರಗೆ ಬಂದದ್ದು ಗುರುಪಾದಪ್ಪನ ಮಗಳು ದಾಕ್ಷಾಯಿಣಿಯ ಮದುವೆಯ ಮಾತುಕತೆಗೆ. ಒಳ್ಳೆಯ ಜಮಖಾನಗಳೆಲ್ಲ ಬಾಡಿಗೆಗೆ ಹೋಗಿದ್ದವು. ನನ್ನನ್ನು ಹಾಸಿ, ತೂತಿನ ಮೇಲೆ ಎಲೆ ಅಡಿಕೆಯ ತಟ್ಟೆ ಇಟ್ಟರು.

ಹುಡುಗ ಈರಣ್ಣ ಮಿಲಿಟರಿಯವನು, ರಜೆಯ ಮೇಲೆ ಬಂದಿದ್ದ. ಅಯ್ಯನವರು ಪಂಚಾಂಗವನ್ನು ನನ್ನ ಪಗಡೆಯ ಹಾಸಿನ ಮೇಲೆ ಬಿಡಿಸಿದರು.

"ಈ ವರ್ಷ ಎರಡು ಆಷಾಢ ಬಂದಾವು. ಎರಡೂ ತಿಂಗಳು ಮದಿವಿ ಇಲ್ಲ. ಅದಕ್ಕೂ ಮದಲ ಒಂದ ದಿನ ಐತಿ, ಹನ್ನೊಂದನೇ ತಾರೀಖು, ಗುರುವಾರ."

"ನಂದು ಇಪ್ಪತ್ತಕ್ಕ ಸೂಟಿ ಮುಗೀತೈತ್ರಿ," ಎಂದ ಈರಣ್ಣ.

ಅವನ ತಾಯಿ ಗಟ್ಟಿಯಾಗಿ ಹೇಳಿದಳು: "ಹನ್ನೊಂದಕ್ಕ ಆಗಬೇಕ್ರಿ. ಆಗದಿದ್ರ ನಾವು ಬ್ಯಾರೆ ಕಡೆ ನೋಡ್ತೀವಿ. ಮುಂದಿನ ಸೂಟಿ ತನಕ ಕಾಯಾಕಾಗಂಗಿಲ್ಲ."

ಗುರುಪಾದಪ್ಪ ಹೂಂ ಅಂದ. ಅವನ ಹಿಮ್ಮಡಿಗಳು ಮೇಲೆದ್ದವು.

ಗೋದಾಮಿನ ಗೋಡೆಯ ಮೇಲೆ ಅವನು ಮುಹೂರ್ತದ ದಿನಗಳನ್ನೂ, ಸಾಮಾನು ಹೇಳಿದವರ ಹೆಸರನ್ನೂ ಸುಣ್ಣದ ಕಡ್ಡಿಯಿಂದ ಬರೆದಿಡುತ್ತಿದ್ದ. ಇಡೀ ವರ್ಷ ಊರಿನ ಮದುವೆ ಬರೆದವನಿಗೆ ಮಗಳಿಗಾಗಿ ಒಂದು ದಿನ ಬಿಡಬೇಕೆಂದು ಹೊಳೆದಿರಲಿಲ್ಲ. ಹನ್ನೊಂದರ ಎದುರು ತಾಯವ್ವನ ಹೆಸರಿತ್ತು. ಸಂತೆಯಲ್ಲಿ ಹೂ ಮಾರುವ ಮುದುಕಿ. ಮೊಮ್ಮಗಳ ಮದುವೆ ಎರಡು ಸಲ ತಪ್ಪಿಹೋಗಿ, ಈ ಸಲ ಸಂಕ್ರಾಂತಿಗೇ ಬಂದು ಶಾಮಿಯಾನ, ಕುರ್ಚಿ, ಕೊಪ್ಪರಿಗೆ ಎಲ್ಲದಕ್ಕೂ ಮುಂಗಡ ಹಣ, ಸಂಚಕಾರ, ಕೊಟ್ಟುಹೋಗಿದ್ದಳು.

ಗುರುಪಾದಪ್ಪ ಮೂರು ದಿನ ಜಾಗ ಹುಡುಕಿದ. ಗುಡಿಯ ಸಭಾಭವನ ಖಾಲಿ ಇರಲಿಲ್ಲ. ಹೊಸ ಮಂಗಲ ಕಾರ್ಯಾಲಯ ಖಾಲಿ ಇತ್ತು. ಅದರ ಬಾಡಿಗೆ ಕೊಡಬೇಕೆಂದರೆ ಗೋದಾಮು ಮಾರಬೇಕಿತ್ತು. ಗದಗಿನ ತನಕ ಯಾವ ಶಾಮಿಯಾನದವನೂ ಆ ದಿನಕ್ಕೆ ಸಿಗಲಿಲ್ಲ.

"ಊರಾಗಿನ ಮದಿವಿಗೆಲ್ಲಾ ಕಂಬ ಹುಗದ್ರಿ. ಮನಿ ಮದಿವಿಗೆ ಗುಂಡ್ಯಾರ ತಗದ್ರ್ಯಾ?" ಎಂದು ಹೆಂಡತಿ ಬಸಲಿಂಗವ್ವ ಕುಟುಕಿದಳು.

ಅವನು ಗೋದಾಮಿಗೆ ಬಂದು ನನ್ನ ಮೇಲೆ ಕುಳಿತದ್ದು ಆಗಲೇ. ಬಹಳ ಹೊತ್ತಿನ ಮೇಲೆ ಎದ್ದು, ಒದ್ದೆ ಅರಿವೆ ಹಿಡಿದು ಗೋಡೆಯ ಮುಂದೆ ನಿಂತ. ಬಾಗಿಲಲ್ಲಿ ದಾಕ್ಷಾಯಿಣಿ ನಿಂತಿದ್ದಳು.

"ಅಪ್ಪಾ, ಅಳಸಾಕತ್ತಿಯೇನು?"

"ಇಲ್ಲವ್ವ. ಧೂಳ ಒರಸಾಕತ್ತಿದ್ದೆ."

"ತಾಯವ್ವನ ಹೆಸರಿನ ಮ್ಯಾಲಷ್ಟ ಬಿದ್ದೈತೇನು ಧೂಳ?"

ಅವಳು ಅರಿವೆ ಕಸಿದುಕೊಂಡಳು.

"ಹನ್ನೊಂದಕ್ಕ ಸಾಮಾನೆಲ್ಲಾ ಹೋದ್ರ ಇಲ್ಲೇನ್ ಉಳೀತೈತಿ?"

"ಈ ಸುಟ್ಟ ಜಮಖಾನ."

"ಮತ್ತ?"

"ಮತ್ತೇನಿಲ್ಲ. ಖಾಲಿ."

"ಹಂಗಾರ ಜಾಗಾ ಸಿಕ್ತು ಬಿಡು."

ಅದೇ ಒದ್ದೆ ಅರಿವೆಯಿಂದ ಅವಳು ಬಾಗಿಲು ಒರೆಸತೊಡಗಿದಳು.

ಸುದ್ದಿ ಕೇಳಿ ಬೀಗತಿ ಓಡಿಬಂದಳು. "ಗೋದಾಮಿನ್ಯಾಗ ಮದಿವ್ಯಾ? ನನ್ನ ಮಗ ಏನ್ ಜ್ವಾಳದ ಚೀಲೇನು?"

"ತಾರೀಖು ನೀವು ಹೇಳಿದ್ರಿ ಅತ್ತಿ, ನಾವು ಹೂಂ ಅಂದ್ವಿ," ಎಂದಳು ದಾಕ್ಷಾಯಿಣಿ. "ಜಾಗಾ ನಾವು ಹೇಳ್ತೀವಿ, ನೀವು ಹೂಂ ಅನ್ರಿ."

ಬೀಗತಿ ಮಗನ ಮುಖ ನೋಡಿದಳು. ಈರಣ್ಣ ನಕ್ಕ. "ನಾ ಟೆಂಟಿನ್ಯಾಗ ಮಲಗಾಂವ ಯವ್ವಾ. ನನಗ ತಗಡಿನ ಮಾಡಂದ್ರ ಬಂಗ್ಲೆ."

ದಾಕ್ಷಾಯಿಣಿ ನನ್ನನ್ನು ಒಗೆದು ಒಣಗಿಸಿದಳು. ತನ್ನ ಹಳೆಯ ಹಸಿರು ಸೀರೆಯ ತುಂಡಿನಿಂದ ತೂತಿಗೆ ತೇಪೆ ಹಾಕಿದಳು. ಜನ ಏನಾದರೂ ಅನ್ನಲಿ, ಇದರ ಮೇಲೇ ಕೂಡುತ್ತೇನೆ ಎಂದಳು. ಅಂಥ ಹಟ ನಾನು ಹಾಜರಾಬಿಯ ಕೈಯಲ್ಲಿ ಮಾತ್ರ ಕಂಡಿದ್ದೆ.

ಹತ್ತನೇ ತಾರೀಖು ಮಧ್ಯಾಹ್ನ ಗುರುಪಾದಪ್ಪ ಒಬ್ಬನೇ ಕಂಬಗಳನ್ನು ಗಾಡಿಗೆ ಹೇರುತ್ತಿದ್ದಾಗ ತಾಯವ್ವ ಬಂದಳು. ಏದುಸಿರು ಬಿಡುತ್ತ ನನ್ನ ಅಂಚಿನಲ್ಲಿ ಕುಳಿತಳು.

"ತಮ್ಮಾ, ಈಗ ಗೊತ್ತಾತು. ನಾಳೆ ನಿನ್ನ ಮಗಳದೂ ಐತಂತ. ಶಾಮಿಯಾನ ನೀ ಇಟ್ಕೊ. ನಮ್ಮದು ಬೇವಿನ ಗಿಡದ ಕೆಳಗ ನಡೀತೈತಿ."

ಗುರುಪಾದಪ್ಪನ ಕೈಯಲ್ಲಿದ್ದ ಕಂಬ ಅಲ್ಲೇ ನಿಂತಿತು. ನಾನು ಅವನ ಹಿಮ್ಮಡಿಗಳನ್ನೇ ನೋಡುತ್ತಿದ್ದೆ. ಅವು ಮೇಲೆದ್ದವು, ಮೆಲ್ಲಗೆ ನೆಲಕ್ಕೆ ಊರಿದವು.

"ಸಂಚಕಾರ ಹಿಡದ ಮ್ಯಾಲೆ ಅದು ನಂದಲ್ಲಬೇ, ನಿಂದು," ಎಂದು ಅವನು ಕಂಬವನ್ನು ಗಾಡಿಗೆ ಎಸೆದ.

ಮರುದಿನ ತಗಡಿನ ಮಾಡಿನ ಕೆಳಗೆ ಮದುವೆಯಾಯಿತು. ದಾಕ್ಷಾಯಿಣಿ ತೇಪೆಯ ಮೇಲೆಯೇ ಕುಳಿತಳು. ಅವಳ ಕಾಲ ಬೆರಳು ನನ್ನ ಒಂದು ನೂಲನ್ನೂ ಎಳೆಯಲಿಲ್ಲ. ಅಕ್ಕಿಕಾಳು ಬೀಳುವಾಗ ಗಾಳಿ ತಂದ ತಾಯವ್ವನ ಮನೆಯ ವಾಲಗವೂ ನಮ್ಮ ವಾಲಗಕ್ಕೆ ಸೇರಿಕೊಂಡಿತು.

ನಾನು ಅವಳ ಜೊತೆಗೇ ಗಂಡನ ಮನೆಗೆ ಹೋದೆ. ವರ್ಷಗಳು ಕಳೆದು ಅಂಚು ಬಿಚ್ಚಿಕೊಂಡಿತು, ಮೂರು ನವಿಲು ಅಳಿಸಿಹೋದವು. ನಿದ್ದೆಗೆಟ್ಟ ನವಿಲು ಮಾತ್ರ ಹಸಿರು ತೇಪೆಯ ಪಕ್ಕದಲ್ಲಿ ಇನ್ನೂ ಕಣ್ಣು ಬಿಟ್ಟಿದೆ. ಈಗ ನನ್ನ ಮೇಲೆ ಜೋಳ ಹಸನು ಮಾಡುತ್ತಾರೆ. ಗುರುಪಾದಪ್ಪ ಬಂದಾಗ ನನ್ನ ಮೇಲೆಯೇ ಕೂಡುತ್ತಾನೆ. ದಾಕ್ಷಾಯಿಣಿ ಚಹಾ ಕೊಡುತ್ತ, ಪ್ರತಿ ಸಲವೂ ನೆರೆಯವರಿಗೆ ಕೇಳುವಂತೆ ಹೇಳುತ್ತಾಳೆ: "ನಮ್ಮಪ್ಪ ಮಂದಿಗೆಲ್ಲಾ ಚಪ್ಪರ ಹಾಕಿದ. ನನಗಷ್ಟ ತಗಡು! ಏನ್ ಮಾಡ್ತಾನ ಪಾಪ, ಅವತ್ತು ಶಾಮಿಯಾನ ಸಿಗಲೇ ಇಲ್ಲ."

ಅವನು ನಗುತ್ತಾನೆ. ಹೆಬ್ಬೆರಳು ಹಸಿರು ತೇಪೆಯ ಅಂಚಿಗೆ ಹೋಗುತ್ತದೆ. ಹೇಳಿದರೆ ಅವಳು ಸಿಟ್ಟಾಗುತ್ತಾಳೋ, ಹೆಮ್ಮೆಪಡುತ್ತಾಳೋ. ಅವನು ಅಂಜುವುದು ಯಾವುದಕ್ಕೆ ಎಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ತಾಯವ್ವ ಬಂದು ಶಾಮಿಯಾನ ಬಿಟ್ಟುಕೊಟ್ಟಿದ್ದಳು, ಬೇಡ ಅಂದವನು ತಾನೇ ಎಂಬುದನ್ನು ಅವನು ಮಗಳಿಗೆ ಹೇಳಲೇ ಇಲ್ಲ.