ಎಂಟನೆಯ ಅಕ್ಷರ

ಹಾಲಿನ ಗಾಡಿಯವನು ಇಂಗ್ಲಿಷ್ ಅಕ್ಷರ ಹೇಳುತ್ತಾ ‘ಜಿ’ ತನಕ ಸರಿಯಾಗಿಯೇ ಬಂದ. ಅಲ್ಲಿ ನಿಂತುಬಿಟ್ಟ.

“ಮುಂದೆ ಹೇಳು” ಅಂದ ದಪ್ಪನೆಯವನು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ, ಕೈಯಲ್ಲಿ ಗುದ್ದಲಿಯ ಕಾವು ಹಿಡಿದಿದ್ದ.

ಹಾಲಿನವನು ಬಾಯಿ ತೆರೆದ, ಮುಚ್ಚಿದ. ಆಮೇಲೆ ಕೇಳಿಯೂ ಕೇಳದ ಹಾಗೆ ‘ಹೆಚ್’ ಅಂದ. ಕಾವು ಮೊದಲು ಮೊಣಕಾಲಿಗೆ ಬಿತ್ತು. ಅವನು ಕುಸಿದ ಮೇಲೆ ಬೆನ್ನಿಗೆ, ಆಮೇಲೆ ತಲೆಗೆ. ಮೂರನೆಯ ಏಟಿಗೆ ಬಂದ ಸದ್ದು ಹಿಂದೆ ನಿಂತಿದ್ದ ವ್ಯಾನಿನ ಗಾಜು ದಾಟಿ ಒಳಗೂ ಕೇಳಿಸಿತು.

ವ್ಯಾನಿನಲ್ಲಿ ಗಾರೆ ಕೆಲಸದ ಇಬ್ಬರು ಕೂತಿದ್ದರು. ಸ್ಟಿಯರಿಂಗ್ ಹಿಡಿದಿದ್ದವನು ಮರ್ವಿನ್ ಗಾಲ್ಟ್, ನಲವತ್ತೆಂಟರ ಪ್ರಾಟೆಸ್ಟಂಟ್. ಪಕ್ಕದಲ್ಲಿದ್ದವನು ಫೀಲಿಮ್ ಮೆಕಾರ್ಡಲ್, ಕ್ಯಾಥೊಲಿಕ್. ಹದಿನಾಲ್ಕು ವರ್ಷದಿಂದ ಇಬ್ಬರೂ ಜೊತೆಗೇ ಗೋಡೆ ಮೆತ್ತುತ್ತಿದ್ದರು. ಮೊದಲ ಗಾರೆ ಮರ್ವಿನ್‌ನದು, ನುಣುಪು ಕೊಡುವ ಕರಣೆ ಫೀಲಿಮ್‌ನದು. ಚಾವಣಿಗೆ ಗಾರೆ ಹಾಕುವಾಗ ಒಬ್ಬನ ಕೈ ನಿಂತರೆ ಇನ್ನೊಬ್ಬನ ಕೆಲಸ ಹಾಳು. ಹಾಗಾಗಿ ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿತ್ತು. ಈಗ ಫೀಲಿಮ್‌ನ ಉಸಿರು ಮೂಗಿನ ತುದಿಯಲ್ಲೇ ಆಡುತ್ತಿತ್ತು.

“ನಾನು ಬೇಡ ಅಂದೆ ಈ ದಾರಿ” ಅಂದ ಫೀಲಿಮ್. “ಸುತ್ಕೊಂಡು ಹೋಗೋಣ ಅಂದೆ.”

ಹತ್ತು ನಿಮಿಷ ಉಳಿಸಲು ಈ ಬೀದಿಗೆ ವ್ಯಾನು ತಿರುಗಿಸಿದವನು ಮರ್ವಿನ್. ಮುಂದೆ ಸುಟ್ಟ ಬಸ್ಸು ಅಡ್ಡ ಬಿದ್ದಿತ್ತು. ಹಿಂದೆ ಒಂದು ಕಾರು ಬಂದು ದಾರಿ ಕಟ್ಟಿ ನಿಂತಾಗಿತ್ತು.

ಪ್ರಾಟೆಸ್ಟಂಟರೂ ಕ್ಯಾಥೊಲಿಕರೂ ಬಡಿದಾಡುತ್ತಿದ್ದ ಸಾವಿರದ ಒಂಬೈನೂರ ಎಪ್ಪತ್ತೆರಡರ ಆ ಬೇಸಿಗೆಯಲ್ಲಿ ಬೆಲ್‌ಫಾಸ್ಟಿನ ಯಾವ ಬೀದಿಯಲ್ಲಿ ಯಾರು ನಿಂತಿರುತ್ತಾರೋ ಹೇಳುವಂತಿರಲಿಲ್ಲ. ಎರಡು ಕಡೆಯವರದೂ ಒಂದೇ ಬಣ್ಣ, ಒಂದೇ ಆಲೂಗಡ್ಡೆ, ಒಂದೇ ಬೈಗುಳ. ಹೆಸರನ್ನು ಯಾರು ಬೇಕಾದರೂ ಸುಳ್ಳು ಹೇಳಬಹುದು. ನಾಲಿಗೆ ಮಾತ್ರ ಶಾಲೆಯಲ್ಲಿ ಕಲಿತದ್ದನ್ನು ಬಿಡುವುದಿಲ್ಲ. ಇಂಗ್ಲಿಷ್ ಅಕ್ಷರಮಾಲೆಯ ಎಂಟನೆಯದನ್ನು ಪ್ರಾಟೆಸ್ಟಂಟ್ ಮಕ್ಕಳಿಗೆ ‘ಎಚ್’ ಅಂತ ಕಲಿಸುತ್ತಿದ್ದರು. ಪಾದ್ರಿಗಳ, ಸನ್ಯಾಸಿನಿಯರ ಶಾಲೆಗೆ ಹೋದ ಕ್ಯಾಥೊಲಿಕ್ ಮಕ್ಕಳು ಅದನ್ನೇ ‘ಹೆಚ್’ ಅನ್ನುತ್ತಿದ್ದವು. ಬೀದಿಯಲ್ಲಿ ಮನುಷ್ಯನನ್ನು ನಿಲ್ಲಿಸಿ ಅಕ್ಷರ ಹೇಳಿಸುವುದು ಆಗ ಒಂದು ಪದ್ಧತಿಯೇ ಆಗಿಹೋಗಿತ್ತು. ಒಂದಿಷ್ಟು ಉಸಿರು ಹೆಚ್ಚಾದರೆ ಪ್ರಾಣವೇ ಹೋಗುತ್ತಿತ್ತು.

ದಪ್ಪನೆಯವನು ಕಾವಿನಿಂದ ವ್ಯಾನಿನ ಬಾನೆಟ್ಟಿಗೆ ಬಡಿದ. “ಇಳೀರಿ. ಇಬ್ಬರೂ.”

ಇಳಿದರು. ಇನ್ನೂ ಇಬ್ಬರು ಮುಸುಕಿನವರು ಅಲ್ಲಿದ್ದರು. ಒಬ್ಬ ಸಣಕಲ, ಅವನ ಕೈಯಲ್ಲಿ ಪಿಸ್ತೂಲು. ಇನ್ನೊಬ್ಬ ಹಾಲಿನವನನ್ನು ಕಾಲು ಹಿಡಿದು ಎಳೆದು ಗೋಡೆ ಪಕ್ಕಕ್ಕೆ ಹಾಕುತ್ತಿದ್ದ. ಒಡೆದ ಬಾಟಲಿಗಳ ಹಾಲು ರಕ್ತದ ಜೊತೆ ಸೇರಿ ಚರಂಡಿಗೆ ಹರಿಯುತ್ತಿತ್ತು.

“ಗೋಡೆ ಬಳಿಯೋರಾ?” ದಪ್ಪನೆಯವನು ಅವರ ಬಟ್ಟೆ ನೋಡಿದ. “ನಾಲಿಗೆಗೂ ಬಳ್ಕೊಂಡು ಬಂದಿದೀರೇನಯ್ಯಾ? ಹೆಸರೇನು ನಿಂದು?”

“ಬಾಬ್” ಅಂದ ಫೀಲಿಮ್, ಪ್ರಾಟೆಸ್ಟಂಟರ ಹೆಸರೊಂದನ್ನು ಆರಿಸಿಕೊಂಡು.

“ಬೆಳಗ್ಗೆಯಿಂದ ನೀನು ಏಳನೇ ಬಾಬ್ ಕಣಯ್ಯಾ. ಈ ಊರಲ್ಲಿ ತಾಯಂದಿರಿಗೆ ಬೇರೆ ಹೆಸರೇ ಸಿಗಲಿಲ್ವಾ?”

ಸಣಕಲ ನಗಲಿಲ್ಲ. ಪಿಸ್ತೂಲಿನ ತುದಿಯನ್ನು ಫೀಲಿಮ್‌ನ ದವಡೆಯ ಕೆಳಗೆ ಒತ್ತಿದ. “ಅಕ್ಷರ ಹೇಳು. ಬೇಗ ಬೇಗ ಹೇಳು.”

ಮರ್ವಿನ್ ಫೀಲಿಮ್‌ನ ಮುಖ ನೋಡಿದ. ತುಟಿ ಬಿಳಿಚಿತ್ತು. ‘ಎ’ ಅಂತ ಶುರುಮಾಡಿದರೆ ಎಂಟನೆಯದಕ್ಕೆ ಬರಲು ನಾಲ್ಕು ಸೆಕೆಂಡು ಸಾಕು. ಅಷ್ಟರಲ್ಲಿ ಮರ್ವಿನ್‌ಗೆ ತನ್ನ ಬಲತೋಳಿನ ನೆನಪಾಯಿತು. ಹದಿನೆಂಟರ ವಯಸ್ಸಿನಲ್ಲಿ ಕುಡಿದ ಅಮಲಿನಲ್ಲಿ ಅಲ್ಲಿ ಹಚ್ಚೆ ಹಾಕಿಸಿಕೊಂಡಿದ್ದ. ಬಿಳಿ ಕುದುರೆಯ ಮೇಲೆ, ಹಿಂದೊಮ್ಮೆ ಕ್ಯಾಥೊಲಿಕರನ್ನು ಸೋಲಿಸಿದ್ದ ವಿಲಿಯಂ ರಾಜ, ಕೈಯಲ್ಲಿ ಕತ್ತಿ. ಆ ರಾಜನನ್ನು ಮೈಮೇಲೆ ಹೊತ್ತ ಕ್ಯಾಥೊಲಿಕ್ ಭೂಮಿಯ ಮೇಲೆ ಇರಲಿಲ್ಲ. ತಾನು ತಪ್ಪು ಹೇಳಿಯೂ ಬದುಕಬಲ್ಲೆ ಅನ್ನಿಸಿತು. ಒಬ್ಬ ಬದುಕಿಬಿಟ್ಟರೆ ಆ ಅಕ್ಷರದ ಮೇಲೆ ಇವರಿಗಿರುವ ನಂಬಿಕೆ ಅಲ್ಲಿಗೆ ಮುರಿಯುತ್ತದೆ.

“ಅವನನ್ನ ಏನು ಕೇಳ್ತೀಯೋ ನರಪೇತಲ?” ಅಂದ ಮರ್ವಿನ್. “ವ್ಯಾನು ನಂದು. ಮೊದಲು ನನ್ನ ಕೇಳು. ಎ, ಬಿ, ಸಿ, ಡಿ, ಇ, ಎಫ್, ಜಿ, ಹೆಚ್. ಸಾಕಾ? ಇನ್ನೊಂದ್ಸಲ ಬೇಕಾ? ಹೆಚ್.”

ತೋಳು ತೋರಿಸಲು ಕೋಟಿನ ಗುಂಡಿಗೆ ಕೈ ಹಾಕಿದ. ಅವನ ಲೆಕ್ಕ ತಪ್ಪಿದ್ದು ಅಲ್ಲೇ. ಕೆಲಸದ ಕೋಟು ವರ್ಷಗಟ್ಟಲೆ ಗಾರೆ ಕುಡಿದು ಹಲಗೆಯಾಗಿತ್ತು. ಗುಂಡಿಗಳು ಕಲ್ಲಿನಂತೆ ಕೂತಿದ್ದವು. ಮೊದಲ ಗುಂಡಿ ಬಿಡುವ ಮೊದಲೇ ಕಾವು ಅವನ ಬಾಯಿಗೆ ಬಂದು ಬಡಿಯಿತು.

ಹಲ್ಲು ಹೋದದ್ದು ನೋವಿಗಿಂತ ಮುಂಚೆ ತಿಳಿಯಿತು. ನಾಲಿಗೆಯ ಮೇಲೆ ಜಲ್ಲಿಕಲ್ಲು ಬಿದ್ದಂತಾಯಿತು. ಎರಡನೆಯ ಏಟು ಪಕ್ಕೆಗೆ. ಮೊಣಕಾಲೂರಿ ಬಿದ್ದ. “ತೋಳು” ಅಂದ. ಬಾಯಿಂದ ಬಂದದ್ದು ಬರೀ ರಕ್ತ, ಮಾತಲ್ಲ. ಹಾಲಿನವನನ್ನು ಎಳೆದು ಹಾಕಿದವನೂ ಬಂದು ಸೇರಿಕೊಂಡ. ಬೂಟುಗಾಲು ಸೊಂಟಕ್ಕೆ ಬಿತ್ತು, ಕಿವಿಗೆ ಬಿತ್ತು. ಮರ್ವಿನ್ ಸುಮ್ಮನೆ ಪೆಟ್ಟು ತಿನ್ನುವ ಜನವಲ್ಲ. ಕೈಗೆ ಸಿಕ್ಕ ಒಂದು ಕಾಲನ್ನು ಅಪ್ಪಿ, ಉಳಿದ ಹಲ್ಲಿನಲ್ಲಿ ಪ್ಯಾಂಟಿನ ಮೇಲಿಂದಲೇ ಮೀನಖಂಡ ಕಚ್ಚಿದ. ಮೇಲಿನವನು ಅರಚಿಕೊಂಡು ಅವನ ಕೈಬೆರಳುಗಳನ್ನು ಇಟ್ಟಿಗೆಯಲ್ಲಿ ಜಜ್ಜಿದ.

“ನಾಯಿ ಕಣೋ ಇವನು. ಕಚ್ತಾನೆ.”

“ಬಿಡ್ರೋ ಅವನನ್ನ” ಅಂತ ಫೀಲಿಮ್ ಕೂಗಿದ್ದು ಎಲ್ಲೋ ದೂರದಲ್ಲಿ ಕೇಳಿಸಿತು. ಜೊತೆಗೇ ಪಿಸ್ತೂಲಿನ ಹಿಡಿ ಮೂಳೆಗೆ ಬಡಿದ ಸದ್ದು. ಸುಮ್ಮನಿರು ಮಾರಾಯ, ಬಾಯಿ ಬಿಡಬೇಡ ಅಂತ ಮರ್ವಿನ್ ಒಳಗೊಳಗೇ ಬೇಡಿಕೊಂಡ.

ಕೈ ಆಡದ ಹಾಗೆ ಮಾಡಲು ಅವರು ಕೋಟನ್ನು ಹಿಂದಿನಿಂದ ಹಿಡಿದು ತಲೆಯ ಮೇಲಕ್ಕೆ ಎಳೆದರು. ಕೋಟಿನ ಜೊತೆ ಅಂಗಿಯೂ ಬಂತು, ಭುಜದ ಹೊಲಿಗೆ ಬಿಟ್ಟು ಅಂಗಿಯ ತೋಳು ಹರಿಯಿತು. ಕತ್ತಲಾದ ಕೋಟಿನೊಳಗೆ ಮರ್ವಿನ್ ಮುಂದಿನ ಏಟಿಗೆ ಕಾದ. ಏಟು ಬರಲಿಲ್ಲ.

“ತಡಿ” ಅಂದ ದಪ್ಪನೆಯವನು. “ತಡೀರೋ.”

ಯಾರೋ ಕೋಟು ಕೆಳಗೆಳೆದರು. ದಪ್ಪನೆಯವನು ಬಗ್ಗಿ ತೋಳು ನೋಡುತ್ತಿದ್ದ. ಹೆಬ್ಬೆರಳಿಗೆ ಉಗುಳು ಹಚ್ಚಿ ಕುದುರೆಯನ್ನು ಉಜ್ಜಿದ. ಮೂವತ್ತು ವರ್ಷದ ಹಚ್ಚೆ ಅಳಿಸಲಿಲ್ಲ.

“ನಿನ್ನ ಮನೆ ಹಾಳಾಗ, ನಮ್ಮವನಲ್ಲೇನಯ್ಯಾ ನೀನು? ಮತ್ಯಾಕೆ ಹಂಗಂದೆ?”

ಮರ್ವಿನ್ ಎರಡು ಹಲ್ಲು ಉಗಿದು, ದವಡೆ ಹಿಡಿದುಕೊಂಡು ಮಾತು ಜೋಡಿಸಿದ. “ನಮ್ಮೂರು ಟಿರೋನ್ ಬೆಟ್ಟದ ಕಡೆ. ಅಲ್ಲಿ ಎಲ್ರೂ ಹಂಗೇ ಅನ್ನೋದು. ನಮ್ಮಪ್ಪ ಅಂತಿದ್ದ, ನಮ್ಮ ಪಾದ್ರಿ ಅಂತಿದ್ದ. ಅವ್ರ ಗೋರಿ ಅಗೆದು ಹೊಡೀತೀಯಾ?”

ಅವನ ಅಪ್ಪ ಟಿರೋನ್ ಬೆಟ್ಟವನ್ನು ಕಣ್ಣಿಂದಲೂ ನೋಡಿರಲಿಲ್ಲ. ಆದರೆ ನಗರದಲ್ಲೇ ಹುಟ್ಟಿ ಬೆಳೆದ ಆ ಮೂವರಿಗೆ ಬೆಟ್ಟದವರ ಮಾತು ಏನು ಗೊತ್ತು?

“ಮೊದಲೇ ತೋಳು ತೋರಿಸಬಾರದಿತ್ತಾ?”

“ಬಿಟ್ಯಾ ನೀನು, ತೋರ್ಸೋಕೆ?”

ದಪ್ಪನೆಯವನು ಒಂದು ಸಿಗರೇಟು ಹಚ್ಚಿ ಅವನ ಒಡೆದ ತುಟಿಗಳ ನಡುವೆ ಇಟ್ಟ. ಅದು ರಕ್ತದಲ್ಲಿ ನೆನೆದು ಆರಿತು.

ಸಣಕಲ ಮಾತ್ರ ಪಿಸ್ತೂಲು ಇಳಿಸಿರಲಿಲ್ಲ. “ಇವನ ಕತೆ ಏನು? ಈ ಬಾಬ್‌ನದು?”

“ಅವನದೂ ಅದೇ ಊರು” ಅಂದ ಮರ್ವಿನ್. “ನಮ್ಮಕ್ಕನ ಗಂಡ. ಅವನೂ ಹೆಚ್ ಅಂತಾನೆ, ಕೇಳು ಬೇಕಾದ್ರೆ. ಅವನಿಗೂ ನಾಕು ಬಿಡು. ಆಮೇಲೆ ಅವನ ಅಂಗೀನೂ ಹರಿದು, ಅಯ್ಯೋ ಇವನೂ ನಮ್ಮವನೇ ಅನ್ನು. ಇವತ್ತು ಏಟು ತಿಂದೋರಲ್ಲಿ ಎಷ್ಟು ಜನ ನಿಮ್ಮೋರು ಅಂತ ಸಂಜೆ ನಿಮ್ಮ ದೊಡ್ಡೋರಿಗೆ ನಾನೇ ಬಂದು ಹೇಳ್ತೀನಿ.”

ಸಣಕಲ ಫೀಲಿಮ್‌ನ ಅಂಗಿಯ ಕಾಲರಿಗೆ ಕೈ ಹಾಕಿದ. ಆ ಅಂಗಿಯೊಳಗೆ ಯಾವ ರಾಜನೂ ಇರಲಿಲ್ಲ. ಫೀಲಿಮ್ ಕಣ್ಣು ಮುಚ್ಚಿದ. ಹಣೆಯಿಂದ ಇಳಿದ ರಕ್ತ ರೆಪ್ಪೆಯ ಮೇಲೆ ನಿಂತಿತ್ತು.

ದಪ್ಪನೆಯವನು ಒಂದು ಕ್ಷಣ ಗೋಡೆ ಪಕ್ಕದ ಹಾಲಿನವನ ಕಡೆ ನೋಡಿದ. ಅವನೂ ಎಲ್ಲಿಯ ಬೆಟ್ಟದವನೋ ಅನ್ನಿಸಿತೇನೋ. “ಬಿಡು” ಅಂದ. “ಬಿಡು ಅಂದ್ನಲ್ಲ. ಒಬ್ಬನ ಹಲ್ಲು ಉದುರ್ಸಿದ್ದು ಸಾಕು. ಹೋಗ್ರಯ್ಯಾ, ಬೇಗ ಹೋಗ್ರಿ.”

ಸುಟ್ಟ ಬಸ್ಸಿನ ಪಕ್ಕದ ಸಂದಿಯತ್ತ ಫೀಲಿಮ್ ವ್ಯಾನು ಓಡಿಸಿದ. ಮರ್ವಿನ್‌ನ ಬಲಗೈ ಬೆರಳುಗಳು ಆಗಲೇ ಊದಿ, ಗಾಡಿ ಇರಲಿ ಕರಣೆಯನ್ನೂ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಹಾಲಿನವನ ಪಕ್ಕ ಹಾದುಹೋಗುವಾಗ ಅವನ ಕಣ್ಣುಗಳು ತೆರೆದೇ ಇದ್ದವು, ಎದೆ ಆಡುತ್ತಿರಲಿಲ್ಲ. ಕ್ಯಾಥೊಲಿಕರ ರೂಢಿಯಂತೆ ಶಿಲುಬೆಯ ಗುರುತು ಮಾಡಲು ಫೀಲಿಮ್‌ನ ಕೈ ತನ್ನಷ್ಟಕ್ಕೇ ಹಣೆಯತ್ತ ಏರಿತು. ಮರ್ವಿನ್ ಜಜ್ಜಿದ ಕೈಯಲ್ಲೇ ಅದನ್ನು ಕೆಳಗೆ ತಳ್ಳಿ ತೊಡೆಯ ಮೇಲೆ ಒತ್ತಿಟ್ಟ. ಮುಸುಕಿನವರು ಹಿಂದಿನಿಂದ ನೋಡುತ್ತಿದ್ದರು.

ಮೂರು ಬೀದಿ ದಾಟಿದ ಮೇಲೆ ಫೀಲಿಮ್ ವ್ಯಾನು ನಿಲ್ಲಿಸಿದ.

“ನಾನು ಕಲ್ತಿದ್ದೆ” ಅಂದ.

“ಏನು?”

“ಆ ಅಕ್ಷರ. ಮೂರು ವಾರದಿಂದ ನನ್ನ ಹೆಂಡ್ತಿ ಬ್ರಿಜಿಡ್ ರಾತ್ರಿ ಊಟಕ್ಕೆ ಮುಂಚೆ ಹೇಳಿಸ್ತಿದ್ಲು. ಸರಿಯಾಗಿ ಬರ್ತಿತ್ತು ನಂಗೆ. ನಿನ್ನನ್ನ ಯಾರು ಬಾಯಿ ಹಾಕು ಅಂದ್ರು? ನಾನೇ ಹೇಳ್ತಿದ್ದೆ, ಇಬ್ಬರೂ ಆರಾಮಾಗಿ ಹೋಗ್ತಿದ್ವಿ.”

ಮರ್ವಿನ್ ಅವನನ್ನೇ ನೋಡಿದ. ಪಕ್ಕೆಯಲ್ಲಿ ಮೂಳೆ ಮುರಿದಿತ್ತು. ಉಸಿರೆಳೆದಾಗ ಚಾಕು ಆಡಿಸಿದಂತಾಗುತ್ತಿತ್ತು. ಅಷ್ಟು ಪೆಟ್ಟು ತಿನ್ನುವಾಗ ಬಾರದ ಸಿಟ್ಟು ಈಗ ನೆತ್ತಿಗೇರಿತು. ಎಡಗೈಯಲ್ಲಿ ಫೀಲಿಮ್‌ನ ಕಾಲರ್ ಹಿಡಿದು ಎಳೆದ.

“ಹೇಳು ಮತ್ತೆ.”

“ಬಿಡೋ, ಈಗ್ಯಾಕೆ.”

“ಹೇಳು ಅಂದೆ. ಬೇಗ ಬೇಗ ಹೇಳು.”

ಫೀಲಿಮ್ ಹೇಳಿದ. ಎ, ಬಿ, ಸಿ, ಡಿ, ಇ, ಎಫ್, ಜಿ. ಆಮೇಲೆ ಎದೆಯಾಳದಿಂದ ಉಸಿರನ್ನೆಲ್ಲ ಹೊತ್ತುಕೊಂಡು ಬಂತು, ‘ಹೆಚ್’.

ಫೀಲಿಮ್‌ನ ಬಾಯಿ ತೆರೆದೇ ಇತ್ತು, ಆ ಅಕ್ಷರವನ್ನು ಬೇರೆ ಯಾರೋ ಹೇಳಿದ್ದಾರೆ ಅನ್ನುವ ಹಾಗೆ.

ಮರ್ವಿನ್ ಕಾಲರ್ ಬಿಟ್ಟು ಅದೇ ಎಡಗೈಯಿಂದ ಅವನ ಕೆನ್ನೆಗೆ ಬಾರಿಸಿದ. “ಇನ್ನೊಂದ್ಸಲ.”

ಮತ್ತೆ ‘ಹೆಚ್’. ಮತ್ತೆ ಬಾರಿಸಿದ. ಮೂರನೆಯ ಸಲ ಫೀಲಿಮ್ ‘ಜಿ’ಗೆ ನಿಂತು ಅಳುತ್ತಿದ್ದ. ಮರ್ವಿನ್ ಆಗಲೂ ಹೊಡೆದ. ಹೊಡೆದಾಗಲೆಲ್ಲ ಹೊಡೆದವನ ಪಕ್ಕೆಯೇ ಹೆಚ್ಚು ಕಿರುಗುಟ್ಟಿತು, ಬಾಯಿಯ ರಕ್ತ ಗದ್ದದಿಂದ ಇಳಿದು ಎದೆಗೆ ಬಿತ್ತು. ಐದನೆಯ ಸಲ ಕೊನೆಗೂ ಉಸಿರಿಲ್ಲದೆ, ಒಣಗಿದ ಸೌದೆ ಮುರಿದಂತೆ, ‘ಎಚ್’ ಅಂತ ಬಂತು.

“ಸಾಕಾ?” ಅಂದ ಫೀಲಿಮ್. ಎರಡೂ ಕೆನ್ನೆ ಬೆಂದಂತೆ ಕೆಂಪಾಗಿದ್ದವು. “ಅವರಿಗಿಂತ ನೀನೇನು ಕಮ್ಮಿ ಹೊಡೆದ್ಯಾ?”

ಮರ್ವಿನ್ ತನ್ನ ಕೈ ನೋಡಿಕೊಂಡ. ಇಳಿಸಲಿಲ್ಲ.

“ನಾಳೆ ನಾನು ಜೊತೇಲಿ ಇರಲ್ಲ” ಅಂದ. “ಈ ಬೆರಳು ಆರು ವಾರ ಕರಣೆ ಹಿಡಿಯಲ್ಲ. ನೀನೊಬ್ನೇ ಓಡಾಡ್ಬೇಕು. ಇನ್ನೊಂದ್ಸಲ ಹೇಳು.”